ಹಗ್ಗದ ತಲೆದಿಂಬು

ಇಂದಿಗೆ ನೂರೆಂಬತ್ತು ವರ್ಷಗಳಿಗೂ ಹಿಂದೆ, ಅಮೆರಿಕದ ಒಕ್ಕಲುಗಳು ಪಶ್ಚಿಮದ ಕಾಡುಗಳನ್ನು ಕಡಿದು ಹೊಲಗಳನ್ನಾಗಿ ಮಾಡುತ್ತಿದ್ದ ಕಾಲದಲ್ಲಿ, ತಲೆನೋವಿನಿಂದ ನರಳುತ್ತಿದ್ದ ಹತ್ತು ವರ್ಷದ ಹುಡುಗನೊಬ್ಬನು ತಂದೆಯ ನೇಗಿಲಿನ ಹಗ್ಗವನ್ನು ತೆಗೆದುಕೊಂಡು ಹೋಗಿ ಎರಡು ಮರಗಳ ನಡುವೆ ಉಯ್ಯಾಲೆ ಕಟ್ಟಿದನು. ತಲೆಯ ಸಿಡಿತವು ತೂಗಿಕೊಳ್ಳುವುದಕ್ಕೂ ಬಿಡದಿರಲು, ಹಗ್ಗವನ್ನು ನೆಲದಿಂದ ಗೇಣೆತ್ತರಕ್ಕೆ ಇಳಿಸಿ, ಕಂಬಳಿಯ ಅಂಚೊಂದನ್ನು ಅದರ ಮೇಲೆ ಹೊದಿಸಿ, ತಾನು ನೆಲದ ಮೇಲೆ ಅಂಗಾತ ಮಲಗಿ ಕತ್ತನ್ನು ಅದಕ್ಕೆ ಆನಿಸಿದನು. ಸ್ವಲ್ಪ ಹೊತ್ತಿಗೆ ನಿದ್ರೆ ಬಂದಿತು. ಎಚ್ಚತ್ತು ನೋಡಿದರೆ ನೋವು ಹೋಗಿತ್ತು. ಮುಂದೆ ಇಪ್ಪತ್ತು ವರ್ಷಗಳ ಕಾಲ, ತಲೆನೋವಿನ ಸುಳಿವು ಸಿಕ್ಕಿದಾಗಲೆಲ್ಲ ಈ ಹಗ್ಗದ ತಲೆದಿಂಬನ್ನೇ ಮೊರೆಹೊಕ್ಕುದಾಗಿ ಆತನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಆ ಹುಡುಗನ ಹೆಸರು ಆಂಡ್ರೂ ಟೇಲರ್ ಸ್ಟಿಲ್. ಆಸ್ಟಿಯೋಪತಿಯೆಂಬ ಚಿಕಿತ್ಸಾಪದ್ಧತಿಯನ್ನು ಲೋಕದ ಮುಂದಿಟ್ಟವನು ಈತನೇ. ಕತ್ತಿನ ನರಗಳನ್ನು ಹಗ್ಗವು ಮೆಲ್ಲನೆ ಒತ್ತಿದುದರಿಂದ ರಕ್ತದ ಹರಿವು ಸಮಸ್ಥಿತಿಗೆ ಬಂದು ನೋವು ಶಮನವಾಯಿತೆಂಬುದು ಪ್ರೌಢನಾದ ಸ್ಟಿಲ್ಲನು ಬಾಲಕನಾದ ಸ್ಟಿಲ್ಲನ ಅನುಭವಕ್ಕೆ ಕೊಟ್ಟ ವ್ಯಾಖ್ಯಾನ. ಹಗ್ಗವನ್ನು ಕಟ್ಟದೆಯೇ ಅದೇ ಮರದ ನೆರಳಿನಲ್ಲಿ ಅಷ್ಟೇ ಹೊತ್ತು ಮಲಗಿ ನಿದ್ರಿಸಿದ್ದರೆ ನೋವು ಹೋಗುತ್ತಿರಲಿಲ್ಲವೆ ಎಂಬ ಪ್ರಶ್ನೆ ಹುಡುಗನಿಗೆ ಹೊಳೆಯಲಿಲ್ಲ. ಹೊಳೆಯಬೇಕೆಂದು ಹತ್ತು ವರ್ಷದವನಿಂದ ನಿರೀಕ್ಷಿಸುವುದು ನ್ಯಾಯವೂ ಅಲ್ಲ. ಆದರೆ ಅವನು ಕೇಳದೆ ಬಿಟ್ಟ ಆ ಪ್ರಶ್ನೆಯು ಅವನು ಹುಟ್ಟಿಸಿದ ವಿದ್ಯೆಯ ಬೆನ್ನು ಹತ್ತಿ ಇಂದಿನವರೆಗೂ ನಡೆದುಬಂದಿದೆ. ಉಪಶಮನವಾದದ್ದು ನಿಜವಾಗಿರಬಹುದು, ಅದಕ್ಕೆ ಕೊಟ್ಟ ಕಾರಣ ನಿಜವಲ್ಲದಿರಬಹುದು. ಈ ಎರಡನ್ನೂ ಬೇರ್ಪಡಿಸಿ ನೋಡುವ ಅಭ್ಯಾಸವಿಲ್ಲದವನಿಗೆ ಆಸ್ಟಿಯೋಪತಿಯು ಪವಾಡವಾಗಿ ಕಾಣುತ್ತದೆ, ಇಲ್ಲವೆ ಮೋಸವಾಗಿ ಕಾಣುತ್ತದೆ.

ಸ್ಟಿಲ್ಲನು 1828ನೆಯ ಇಸವಿ ಆಗಸ್ಟ್ 6ರಂದು ವರ್ಜೀನಿಯ ಪ್ರಾಂತದಲ್ಲಿ ಹುಟ್ಟಿದನು. ತಂದೆ ಮೆಥಡಿಸ್ಟ್ ಪಂಥದ ಧರ್ಮೋಪದೇಶಕ, ಜೊತೆಗೆ ವೈದ್ಯ. ಗುರುವಿನ ಹಿಂದೆ ತಿರುಗಾಡಿ ವೈದ್ಯವನ್ನು ಕಲಿಯುವುದು ಆ ಸೀಮೆಯ ವಾಡಿಕೆಯಾಗಿದ್ದುದರಿಂದ ಮಗನು ತಂದೆಯಿಂದಲೇ ವೃತ್ತಿಯನ್ನು ಕಲಿತನು. ಆ ಕಾಲದ ಔಷಧದ ಪೆಟ್ಟಿಗೆಯನ್ನು ಇಂದು ತೆರೆದು ನೋಡಿದರೆ ಮೈ ನಡುಗುತ್ತದೆ: ಹಲ್ಲುಗಳನ್ನೇ ಉದುರಿಸುತ್ತಿದ್ದ ಪಾದರಸದ ಕ್ಯಾಲೊಮೆಲ್, ಅಫೀಮು, ಮದ್ಯ, ಇವು ಸಾಲದಾದರೆ ರಕ್ತ ಹರಿಸುವ ಕತ್ತಿ. 1864ರಲ್ಲಿ ಮಿದುಳುಪೊರೆಯ ಜ್ವರ ಊರನ್ನು ಹೊಕ್ಕು ಸ್ಟಿಲ್ಲನ ಮನೆಯ ಮೂವರು ಮಕ್ಕಳನ್ನು ತೆಗೆದುಕೊಂಡು ಹೋಯಿತು. ವೈದ್ಯರು ತಮಗೆ ತಿಳಿದುದನ್ನೆಲ್ಲ ಮಾಡಿದ್ದರು, ಪಾದ್ರಿಗಳು ಪ್ರಾರ್ಥಿಸಿದ್ದರು. ಅವರ ಮೇಲೆ ಆತನಿಗೆ ಸಿಟ್ಟು ಬರಲಿಲ್ಲ. ಆದರೆ ಇಷ್ಟು ಮದ್ದುಗಳಿರುವ ಶಾಸ್ತ್ರಕ್ಕೆ ಒಂದು ಮಗುವನ್ನು ಉಳಿಸುವ ಶಕ್ತಿಯಿಲ್ಲದಿದ್ದರೆ ಆ ಮದ್ದುಗಳ ಅರ್ಥವೇನೆಂಬ ಸಂದೇಹವು ಮನಸ್ಸಿನಲ್ಲಿ ನಾಟಿತು.

ಹತ್ತು ವರ್ಷಗಳ ಮಥನದ ಬಳಿಕ, 1874ರ ಜೂನ್ 22ರಂದು, ತನಗೆ ಹೊಸ ದಾರಿಯೊಂದು ಗೋಚರಿಸಿತೆಂದು ಆತನು ಸಾರಿದನು. ತನ್ನ ಮನೆತನದವರೇ ಭೂಮಿಯನ್ನು ಕೊಟ್ಟು ಕಟ್ಟಿಸಲು ನೆರವಾಗಿದ್ದ ಕ್ಯಾನ್ಸಸ್ಸಿನ ಬೇಕರ್ ವಿಶ್ವವಿದ್ಯಾಲಯದಲ್ಲಿ ಈ ವಿಚಾರವನ್ನು ವಿವರಿಸಲು ಅನುಮತಿ ಬೇಡಿದಾಗ ಬಾಗಿಲು ತೆರೆಯಲಿಲ್ಲ. ಆಗ ಆತನು ಮಿಸ್ಸೂರಿಯ ಕರ್ಕ್ಸ್‌ವಿಲ್ ಎಂಬ ಚಿಕ್ಕ ಪಟ್ಟಣಕ್ಕೆ ಬಂದು ನೆಲಸಿ, ಊರೂರು ಸುತ್ತಿ ಕೈಯಿಂದಲೇ ಚಿಕಿತ್ಸೆ ಮಾಡುತ್ತ, ತನ್ನನ್ನು ಮಿಂಚಿನ ವೇಗದಲ್ಲಿ ಮೂಳೆ ಕೂಡಿಸುವವನೆಂದು ಹೇಳಿಕೊಂಡನು. 1892ರಲ್ಲಿ ಶಾಲೆಯೂ ಅಲ್ಲಿಯೇ ಪ್ರಾರಂಭವಾಯಿತು. ಸ್ತ್ರೀಯರನ್ನು ಅನೇಕ ವೈದ್ಯಶಾಲೆಗಳ ಹೊಸ್ತಿಲು ದಾಟಗೊಡದಿದ್ದ ಆ ಕಾಲದಲ್ಲಿ, ಇಪ್ಪತ್ತೊಂದು ವಿದ್ಯಾರ್ಥಿಗಳ ಮೊದಲನೆಯ ತರಗತಿಯಲ್ಲಿಯೇ ಸ್ತ್ರೀಯರೂ ಇದ್ದರೆಂಬುದು ಸ್ಟಿಲ್ಲನಿಗೆ ಸಲ್ಲತಕ್ಕ ಗೌರವ. ನೋವಿಗೆ ಬೇಸತ್ತ ಜನರು ರೈಲುಗಳಲ್ಲಿ ತಂಡತಂಡವಾಗಿ ಕರ್ಕ್ಸ್‌ವಿಲ್ಲಿಗೆ ಬಂದಿಳಿಯತೊಡಗಿದರು. ಗ್ರೀಕ್ ಭಾಷೆಯಲ್ಲಿ ಮೂಳೆಗೆ ‘ಆಸ್ಟಿಯಾನ್’ ಎಂದೂ ವ್ಯಥೆಗೆ ‘ಪೇಥಾಸ್’ ಎಂದೂ ಹೆಸರುಂಟು. ಇವೆರಡನ್ನು ಜೋಡಿಸಿ ಸ್ಟಿಲ್ಲನು ಮಾಡಿದ ಪದದಿಂದ ಹೊರಡುವ ಅರ್ಥ ಮೂಳೆಯ ರೋಗವೇ ಹೊರತು ಮೂಳೆಯ ಚಿಕಿತ್ಸೆಯಲ್ಲ. ಆದರೆ ರೂಢಿಗೆ ಬಂದ ಹೆಸರಿನೊಡನೆ ವ್ಯಾಕರಣವು ಜಗಳವಾಡಿ ಗೆದ್ದುದಿಲ್ಲ.

ಆತನ ಸಿದ್ಧಾಂತವು ಸಂಗ್ರಹವಾಗಿ ಇಷ್ಟು: ಶರೀರವು ಅಖಂಡವಾದ ಒಂದು ಯಂತ್ರ, ಅದರ ರಚನೆ ಸರಿಯಿದ್ದರೆ ಕ್ರಿಯೆಯೂ ಸರಿಯಿರುತ್ತದೆ, ಬೇಕಾದ ಮದ್ದುಗಳೆಲ್ಲ ಶರೀರದೊಳಗೇ ತಯಾರಾಗುತ್ತವೆ, ಎಲ್ಲಿಯೋ ಒಂದು ಮೂಳೆ, ಮುಖ್ಯವಾಗಿ ಬೆನ್ನಿನ ಮೂಳೆ, ತನ್ನ ನೆಲೆಯಿಂದ ಜರುಗಿ ನರವನ್ನೋ ರಕ್ತನಾಳವನ್ನೋ ಅದುಮಿದಾಗ ಆ ಹರಿವು ಅಡಚಿ ರೋಗ ಹುಟ್ಟುತ್ತದೆ, ಅದನ್ನು ಕೈಯಿಂದ ನೆಲೆಗೆ ತಂದರೆ ಪ್ರಕೃತಿಯೇ ಉಳಿದುದನ್ನು ನೋಡಿಕೊಳ್ಳುತ್ತದೆ. ಶರೀರಕ್ಕೆ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಶಕ್ತಿಯುಂಟೆಂಬ ಮಾತಿನಲ್ಲಿ ದೊಡ್ಡ ಸತ್ಯವಿದೆ. ಆದರೆ ಎಲ್ಲ ರೋಗಕ್ಕೂ ಒಂದೇ ಬೇರನ್ನು ಹುಡುಕಿದ ಮಾತು ಉಳಿಯಲಿಲ್ಲ. ಮಿಸ್ಸೂರಿಯಲ್ಲಿ ಸ್ಟಿಲ್ಲನು ಬೆನ್ನಿನ ಗೆಣ್ಣುಗಳನ್ನು ತಡವಿ ರೋಗದ ಮೂಲವನ್ನು ಅರಸುತ್ತಿದ್ದ ದಿನಗಳಲ್ಲಿಯೇ, 1882ರಲ್ಲಿ, ಬರ್ಲಿನ್ನಿನ ರಾಬರ್ಟ್ ಕಾಖ್ ಕ್ಷಯರೋಗದ ಜೀವಾಣುವನ್ನು ಸೂಕ್ಷ್ಮದರ್ಶಕದಡಿಯಲ್ಲಿ ತೋರಿಸಿಕೊಟ್ಟಿದ್ದನು. ಸ್ಟಿಲ್ಲನ ಮಕ್ಕಳನ್ನು ಕೊಂದ ಜ್ವರದಂಥವನ್ನು ಮುಂದೆ ಹದ್ದಿನಲ್ಲಿಟ್ಟುದು ಬೆನ್ನುಮೂಳೆಯ ನೀವುವಿಕೆಯಲ್ಲ. ಆತನು ದೂರವಿಟ್ಟ ಔಷಧಿಗಳ ವಂಶದಲ್ಲಿಯೇ ಹುಟ್ಟಿದ ಜೀವಾಣುನಾಶಕಗಳು ಮತ್ತು ಲಸಿಕೆಗಳು.

ಸಿದ್ಧಾಂತವು ಹೊಸದಾದರೂ ಕೈಯ ಕೆಲಸವು ಹೊಸದಲ್ಲ. ಇಂಗ್ಲೆಂಡಿನಲ್ಲಿ ಮೂಳೆ ಕೂಡಿಸುವವರು ಬಹುಕಾಲದಿಂದ ಇದ್ದರು. ಹದಿನೆಂಟನೆಯ ಶತಮಾನದಲ್ಲಿ ಎಪ್ಸಮ್ ಊರಿನ ಸಾರಾ ಮ್ಯಾಪ್ ಎಂಬಾಕೆಯ ತೋಳಬಲವು ಲಂಡನ್ನಿನ ಶ್ರೀಮಂತರ ಮನೆಮಾತಾಗಿತ್ತು. 1867ರಲ್ಲಿ ಸರ್ ಜೇಮ್ಸ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯನು ತನ್ನ ವೃತ್ತಿಬಾಂಧವರಿಗೆ, ನಾವು ಗುಣಪಡಿಸಲಾರದ ಕೆಲವು ರೋಗಿಗಳನ್ನು ಈ ಜನ ಗುಣಪಡಿಸುತ್ತಾರೆ, ಅವರನ್ನು ಅಣಕಿಸುವ ಬದಲು ಅವರಿಂದ ಕಲಿಯತಕ್ಕದ್ದನ್ನು ಕಲಿಯೋಣ ಎಂಬರ್ಥದ ಉಪನ್ಯಾಸ ಮಾಡಿದನು. ನಮ್ಮ ನಾಡಿನಲ್ಲಿಯೂ ಗರಡಿಮನೆಯ ಉಸ್ತಾದರು ಉಳುಕು ತೆಗೆಯುತ್ತಿದ್ದರು. ಕೈಕಾಲು ಮುರಿದುಕೊಂಡವರು ಆಂಧ್ರದ ಪುತ್ತೂರಿನ ಕಟ್ಟನ್ನು ಹುಡುಕಿಕೊಂಡು ಗಡಿ ದಾಟಿ ಹೋಗುತ್ತಿದ್ದರು. ‘ಸೊಂಟ ಹಿಡಿದುಕೊಂಡಿದೆ’, ‘ಕತ್ತು ಉಳುಕಿದೆ’ ಎಂಬ ನಮ್ಮ ನುಡಿಗಟ್ಟುಗಳಲ್ಲಿ ಮೂಳೆ ಜರುಗಿತೆಂಬ ಮಾತಿಲ್ಲ, ಚಲನೆಗೆ ಅಡ್ಡಿಯಾಯಿತೆಂಬ ಮಾತಿದೆ. ಇಂದಿನ ಶಾರೀರಶಾಸ್ತ್ರವು ಸ್ಟಿಲ್ಲನ ವಿವರಣೆಗಿಂತ ಈ ನುಡಿಗಟ್ಟುಗಳಿಗೇ ಹೆಚ್ಚು ಸಮೀಪವಾಗಿದೆಯೆಂದರೆ ಓದುಗರು ಆಶ್ಚರ್ಯಪಡಬಹುದು. ಬೆನ್ನಿನ ಚಲಿಸುವ ಇಪ್ಪತ್ತನಾಲ್ಕು ಕಶೇರುಗಳನ್ನು ಬಿಗಿಯಾದ ಕಟ್ಟುನಾರುಗಳೂ ಸ್ನಾಯುಗಳೂ ಹಿಡಿದಿಟ್ಟಿವೆ. ದೊಡ್ಡ ಅಪಘಾತವಿಲ್ಲದೆ ಅವು ಸಾಮಾನ್ಯವಾಗಿ ಜರುಗುವುದಿಲ್ಲ, ಜರುಗಿದರೆ ಅಂಗೈಯ ಒತ್ತಿಗೆ ನೆಟ್ಟಗಾಗುವುದೂ ಇಲ್ಲ. ಬದಲಾಗುವುದು ಸ್ನಾಯುವಿನ ಬಿಗಿತ, ಕೀಲಿನ ಓಡಾಟ, ನೋವನ್ನು ಗ್ರಹಿಸುವ ನರಮಂಡಲದ ಸೂಕ್ಷ್ಮತೆ.

ಸ್ಟಿಲ್ಲನು 1917ರಲ್ಲಿ ತನ್ನ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದೇ ವರ್ಷ ಆತನ ಶಿಷ್ಯವರ್ಗಕ್ಕೆ ಸೇರಿದ ಸ್ಕಾಟ್ಲೆಂಡಿನ ಜಾನ್ ಮಾರ್ಟಿನ್ ಲಿಟಲ್‌ಜಾನ್ ಲಂಡನ್ನಿನಲ್ಲಿ ಬ್ರಿಟಿಷ್ ಸ್ಕೂಲ್ ಆಫ್ ಆಸ್ಟಿಯೋಪತಿಯನ್ನು ಸ್ಥಾಪಿಸಿದನು. ಅಲ್ಲಿಂದ ಒಂದು ಹೊಳೆ ಎರಡು ಕವಲಾಯಿತು. ಅಮೆರಿಕದಲ್ಲಿ, ವೈದ್ಯಶಾಲೆಗಳ ದುಃಸ್ಥಿತಿಯನ್ನು ಬಯಲಿಗೆಳೆದ 1910ರ ಫ್ಲೆಕ್ಸ್‌ನರ್ ವರದಿಯು ಆಸ್ಟಿಯೋಪತಿ ಶಾಲೆಗಳನ್ನೂ ಬಿಡದೆ ಖಂಡಿಸಿದ ಮೇಲೆ, ಅವು ಪ್ರಯೋಗಾಲಯಗಳನ್ನು ಕಟ್ಟಿಕೊಂಡು, ಗುರುವು ನಿಷೇಧಿಸಿದ್ದ ಔಷಧಶಾಸ್ತ್ರವನ್ನೂ ಪಾಠಕ್ರಮಕ್ಕೆ ಸೇರಿಸಿಕೊಂಡು, ಕ್ರಮೇಣ ಉಳಿದ ವೈದ್ಯಕಾಲೇಜುಗಳಂತೆಯೇ ಆದವು. ಅಲ್ಲಿ ಇಂದು ಹೆಸರಿನ ಮುಂದೆ ಡಿ.ಒ. ಎಂಬ ಆಸ್ಟಿಯೋಪತಿಯ ಪದವಿಯನ್ನು ಬರೆದುಕೊಳ್ಳುವವರು ಲಕ್ಷಕ್ಕೂ ಮೀರಿದ್ದಾರೆ. ಅವರು ಔಷಧ ಬರೆಯಬಲ್ಲ, ಶಸ್ತ್ರಚಿಕಿತ್ಸೆ ಮಾಡಬಲ್ಲ ಪೂರ್ಣವೈದ್ಯರು, ಮತ್ತು ಅವರಲ್ಲಿ ಬಹುಮಂದಿ ಸ್ಟಿಲ್ಲನ ಕೈಚಿಕಿತ್ಸೆಯನ್ನು ವಿರಳವಾಗಿ ಮಾತ್ರ ಬಳಸುವವರು. ಬ್ರಿಟನ್ನಿನಲ್ಲಿ ಹಾಗಾಗಲಿಲ್ಲ. ಅಲ್ಲಿಯ ಆಸ್ಟಿಯೋಪತನು ಔಷಧ ಕೊಡುವ ಡಾಕ್ಟರಲ್ಲ. ನಾಲ್ಕೈದು ವರ್ಷ ಓದಿ, ಕೈಯಿಂದಲೇ ಕೆಲಸ ಮಾಡುವ ಪ್ರತ್ಯೇಕ ವೃತ್ತಿಯವನು. 1993ರ ಕಾಯಿದೆಯಂತೆ ಜನರಲ್ ಆಸ್ಟಿಯೋಪತಿಕ್ ಕೌನ್ಸಿಲ್ಲಿನ ಪಟ್ಟಿಯಲ್ಲಿ ಹೆಸರಿಲ್ಲದವನು ಆ ದೇಶದಲ್ಲಿ ಆ ಬಿರುದನ್ನು ಹಾಕಿಕೊಳ್ಳುವುದು ಅಪರಾಧ. ಆದುದರಿಂದ ನ್ಯೂಜೆರ್ಸಿಯಲ್ಲಿ ನೆಲಸಿದ ಕನ್ನಡಿಗನೊಬ್ಬನು ಊರಿಗೆ ಫೋನು ಮಾಡಿ ‘ನಮ್ಮ ಮನೆ ಡಾಕ್ಟರು ಆಸ್ಟಿಯೋಪತಿ ಓದಿದವರು’ ಎಂದಾಗಲೂ, ಲಂಡನ್ನಿನಲ್ಲಿರುವ ಅವನ ತಂಗಿ ‘ಸೊಂಟಕ್ಕೆ ಆಸ್ಟಿಯೋಪತಿ ಮಾಡಿಸಿಕೊಂಡು ಬಂದೆ’ ಎಂದಾಗಲೂ, ಅವರಿಬ್ಬರೂ ಒಂದೇ ಪದದಿಂದ ಎರಡು ಬೇರೆ ಸಂಗತಿಗಳನ್ನು ಹೇಳುತ್ತಿದ್ದಾರೆ. ಇಲ್ಲಿ ನಾವು ಆ ತಂಗಿಯ ಹಿಂದೆ ಹೋಗಿ ಅವಳ ಚಿಕಿತ್ಸೆಯನ್ನು ನೋಡೋಣ.

ಮೊದಲನೆಯ ಭೇಟಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಅದರಲ್ಲಿ ಬಹುಭಾಗ ಮಾತಿಗೇ ಮೀಸಲು. ನೋವು ಎಂದು ಹುಟ್ಟಿತು, ಯಾವ ಭಂಗಿಯಲ್ಲಿ ಹೆಚ್ಚುತ್ತದೆ, ಕಾಲಿಗೆ ಇಳಿಯುತ್ತದೆಯೆ, ರಾತ್ರಿ ಎಬ್ಬಿಸುತ್ತದೆಯೆ, ಕೆಲಸವೇನು, ಹಿಂದೆ ಯಾವ ಕಾಯಿಲೆಗಳಿದ್ದವು, ಯಾವ ಮಾತ್ರೆಗಳನ್ನು ನುಂಗುತ್ತಿದ್ದೀರಿ ಎಂಬ ಪ್ರಶ್ನೆಗಳು ಲೋಕಾಭಿರಾಮವಾಗಿ ಕೇಳಿಸಿದರೂ ಒಂದೊಂದಕ್ಕೂ ಗೂಢವಾದ ಉದ್ದೇಶವಿದೆ. ಬೆನ್ನುನೋವಿನ ಜೊತೆಗೆ ಮೂತ್ರವೋ ಮಲವೋ ಹತೋಟಿ ತಪ್ಪಿದ್ದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದಿದ್ದರೆ, ಕಾಲಿನ ಬಲ ಕುಗ್ಗುತ್ತಿದ್ದರೆ, ಜ್ವರವೋ ಕಾರಣವಿಲ್ಲದೆ ತೂಕ ಇಳಿಯುವುದೋ ಕಂಡಿದ್ದರೆ, ಹಿಂದೆ ಕ್ಯಾನ್ಸರ್ ಬಂದಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ಅದು ಕೈಚಿಕಿತ್ಸೆಯ ಪ್ರಕರಣವೇ ಅಲ್ಲ. ಒಡನೆ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಈ ಪ್ರಶ್ನೆಗಳನ್ನು ಕೇಳದೆ ನೇರವಾಗಿ ಮಂಚದ ಮೇಲೆ ಮಲಗಿಸುವವನ ಕೈಗೆ ಬೆನ್ನನ್ನು ಒಪ್ಪಿಸಬಾರದು.

ಬಳಿಕ ಮೇಲುಡುಪನ್ನು ತೆಗೆದು ನಿಲ್ಲಲು ಹೇಳುತ್ತಾರೆ. ಇದು ನಮ್ಮವರಿಗೆ, ಮುಖ್ಯವಾಗಿ ಹೆಂಗಸರಿಗೆ, ಸಂಕೋಚದ ಗಳಿಗೆ; ಮೈಮೇಲೆ ಹೊದಿಕೆಯನ್ನು ಕೇಳುವ, ತೆಳುಬಟ್ಟೆಯನ್ನು ಉಳಿಸಿಕೊಳ್ಳುವ, ಜೊತೆಗೊಬ್ಬರನ್ನು ಕರೆತರುವ ಹಕ್ಕು ರೋಗಿಗೆ ಉಂಟೆಂಬುದನ್ನು ಮೊದಲೇ ತಿಳಿದಿರುವುದು ಲೇಸು. ಬಾಗಿ, ತಿರುಗಿ, ಕಾಲೆತ್ತಿ ತೋರಿಸಿದ ಮೇಲೆ ಬೆರಳುಗಳ ಪರೀಕ್ಷೆ ಪ್ರಾರಂಭವಾಗುತ್ತದೆ. ಎಲ್ಲಿ ಚರ್ಮ ಬೆಚ್ಚಗಿದೆ, ಎಲ್ಲಿ ಸ್ನಾಯು ಹುರಿಗಟ್ಟಿದೆ, ಯಾವ ಕೀಲು ತನ್ನ ಪಕ್ಕದ್ದರಷ್ಟು ಓಡಾಡುತ್ತಿಲ್ಲ ಎಂಬುದನ್ನು ಬೆರಳ ತುದಿಯಿಂದ ಓದುವುದೇ ಈ ವೃತ್ತಿಯವರು ವರ್ಷಗಟ್ಟಲೆ ಮಾಡುವ ಸಾಧನೆ.

ಚಿಕಿತ್ಸೆಯ ವಿಧಾನಗಳು ಹಲವು. ಸ್ನಾಯುಗಳನ್ನು ನೀವಿ ಹಿಗ್ಗಿಸುವುದು ಒಂದು. ಕೀಲನ್ನು ಅದರ ಸಹಜವಾದ ಮೇರೆಯೊಳಗೆ ಮೆಲ್ಲಮೆಲ್ಲನೆ ಆಡಿಸುವುದು ಇನ್ನೊಂದು. ರೋಗಿಯೇ ಸ್ನಾಯುವನ್ನು ಬಿಗಿದು ಚಿಕಿತ್ಸಕನ ಕೈಯನ್ನು ಎದುರೊತ್ತಿ, ಆಮೇಲೆ ಸಡಿಲಬಿಟ್ಟಾಗ ಸಿಗುವ ಹೆಚ್ಚಿನ ಓಡಾಟವನ್ನು ಉಪಯೋಗಿಸಿಕೊಳ್ಳುವುದು ಮತ್ತೊಂದು. ಎಲ್ಲರ ಕುತೂಹಲಕ್ಕೂ ಭಯಕ್ಕೂ ಪಾತ್ರವಾದದ್ದು ‘ಲಟಕ್’ ಎಂದು ಸದ್ದು ಮಾಡುವ ಕಿರಿದಾದ, ತೀವ್ರವಾದ ತಳ್ಳು. ಆ ಸದ್ದು ಜರುಗಿದ ಮೂಳೆ ನೆಲೆಗೆ ಬಂದ ಸದ್ದಲ್ಲ. ನಾವು ಬೆರಳಿನ ನೆಟಿಕೆ ಮುರಿದಾಗ ಕೇಳುವ ಸದ್ದೇ. ಕೀಲಿನ ಎರಡು ಮುಖಗಳನ್ನು ಹಠಾತ್ತನೆ ಅಗಲಿಸಿದಾಗ ನಡುವಣ ದ್ರವದಲ್ಲಿ ಒತ್ತಡ ಕುಸಿದು, ಕರಗಿದ್ದ ಅನಿಲವು ಬಿಡುಗಡೆಯಾಗಿ ಒಂದು ಪೊಳ್ಳು ಏರ್ಪಡುತ್ತದೆ. 2015ರಲ್ಲಿ ಕೆನಡದ ವಿಜ್ಞಾನಿಗಳು ನೆಟಿಕೆ ಮುರಿಯುವ ಬೆರಳನ್ನು ಎಂ.ಆರ್.ಐ. ಯಂತ್ರದೊಳಗಿಟ್ಟು ಈ ಪೊಳ್ಳು ಮೂಡುವುದನ್ನು ಚಿತ್ರಿಸಿದರು. ಒಮ್ಮೆ ಮುರಿದ ನೆಟಿಕೆಯನ್ನು ಸುಮಾರು ಇಪ್ಪತ್ತು ನಿಮಿಷ ಮತ್ತೆ ಮುರಿಯಲಾಗದೆಂಬುದು ಮಕ್ಕಳಿಗೂ ಅನುಭವವೇದ್ಯ. ನೆಟಿಕೆ ಮುರಿದರೆ ಸಂಧಿವಾತ ಬರುತ್ತದೆಂದು ಹಿರಿಯರು ಗದರಿಸುತ್ತಿದ್ದುದನ್ನು ಪರೀಕ್ಷಿಸಲು ಡೊನಾಲ್ಡ್ ಅಂಗರ್ ಎಂಬ ಅಮೆರಿಕದ ವೈದ್ಯನು ಐವತ್ತು ವರ್ಷ ಪ್ರತಿದಿನವೂ ಎಡಗೈಯ ನೆಟಿಕೆಯನ್ನು ಮಾತ್ರ ಮುರಿಯುತ್ತ, ಬಲಗೈಯನ್ನು ಹೋಲಿಕೆಗೆಂದು ಹಾಗೆಯೇ ಬಿಟ್ಟು, ಕೊನೆಗೆ ಎರಡರಲ್ಲಿಯೂ ಸಂಧಿವಾತವಿಲ್ಲವೆಂದು 1998ರಲ್ಲಿ ಪ್ರಕಟಿಸಿದನು. ಒಬ್ಬನ ಎರಡು ಕೈಗಳು ಶಾಸ್ತ್ರಕ್ಕೆ ಸಾಕ್ಷಿಯಾಗಲಾರವು, ಅದಿರಲಿ. ಮರದ ನೆರಳಿನ ಹುಡುಗನಿಗೆ ಹೊಳೆಯದಿದ್ದ ಉಪಾಯ ಈತನಿಗೆ ಹೊಳೆದಿತ್ತು.

ಚಿಕಿತ್ಸೆಯ ಮರುದಿನ ಮೈಯೆಲ್ಲ ಹೊಸದಾಗಿ ಕೆಲಸ ಮಾಡಿದವರಂತೆ ನೋಯುವುದು ಸಾಮಾನ್ಯ. ಒಂದೆರಡು ದಿನಗಳಲ್ಲಿ ಅದು ಇಳಿಯುತ್ತದೆ. ಮನೆಯಲ್ಲಿ ಮಾಡತಕ್ಕ ವ್ಯಾಯಾಮಗಳನ್ನೂ ಹೇಳಿಕೊಡುತ್ತಾರೆ. ಮೂರು ನಾಲ್ಕು ಭೇಟಿಗಳಲ್ಲಿ ಏನೊಂದು ಮಾರ್ಪಾಡೂ ಕಾಣದಿದ್ದರೆ ಪ್ರಾಮಾಣಿಕನಾದವನು ಅದನ್ನು ಒಪ್ಪಿಕೊಂಡು ಬೇರೆ ದಾರಿ ತೋರಿಸುತ್ತಾನೆ. ವರ್ಷವಿಡೀ ವಾರವಾರವೂ ಬರಬೇಕೆಂದು ಮುಂಗಡ ಹಣ ಕಟ್ಟಿಸಿಕೊಳ್ಳುವವನ ಲೆಕ್ಕವು ಬೆನ್ನಿನದಲ್ಲ, ಕಿಸೆಯದು. ಕತ್ತಿನ ತೀವ್ರವಾದ ತಿರುಪಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಕಶೇರುಗಳ ಮೂಲಕ ಮಿದುಳಿಗೆ ಏರುವ ರಕ್ತನಾಳದ ಒಳಪದರವು ಹರಿದು ಲಕ್ವ ಹೊಡೆದ ಪ್ರಸಂಗಗಳು ಅತಿ ವಿರಳವಾದರೂ ವರದಿಯಾಗಿವೆ. ಆದಕಾರಣ ಅದು ಬೇಡ, ಮೃದುವಾದ ವಿಧಾನ ಸಾಕು ಎಂದು ಹೇಳುವುದಕ್ಕೆ ರೋಗಿಯು ಹಿಂಜರಿಯಬೇಕಾದುದಿಲ್ಲ. ಮೂಳೆ ಸವೆದ ವೃದ್ಧರಿಗಂತೂ ಇಂಥ ತಳ್ಳು ಸಲ್ಲದು. ಇನ್ನು ತಲೆಬುರುಡೆಯ ಮೂಳೆಗಳು ಉಸಿರಾಡುವಂತೆ ಅಲುಗುತ್ತವೆ, ಅವುಗಳ ಲಯವನ್ನು ಬೆರಳಿನಿಂದ ಗ್ರಹಿಸಿ ತಿದ್ದಬಹುದು ಎಂದು ವಿಲಿಯಂ ಗಾರ್ನರ್ ಸದರ್ಲೆಂಡ್ ಎಂಬ ಸ್ಟಿಲ್ಲನ ವಿದ್ಯಾರ್ಥಿಯು ಕಟ್ಟಿದ ಶಾಖೆಯೊಂದುಂಟು. ಒಂದೇ ತಲೆಯನ್ನು ಇಬ್ಬರು ಪರೀಕ್ಷಕರು ಮುಟ್ಟಿ ಎಣಿಸಿದರೆ ಇಬ್ಬರ ಲಯವೂ ಒಂದಕ್ಕೊಂದು ತಾಳೆಯಾಗುವುದಿಲ್ಲವೆಂಬಷ್ಟು ಹೇಳಿ ಅದನ್ನು ಅಲ್ಲಿಗೆ ಬಿಡಬಹುದು.

ಹಾಗಾದರೆ ಸೊಂಟದ ನೋವಿಗೆ ಇದರಿಂದ ಪ್ರಯೋಜನವುಂಟೆ? ಇಲ್ಲಿ ಮೊದಲು ನೆನಪಿಡತಕ್ಕದ್ದು, ಹೊಸದಾಗಿ ಬಂದ ಸೊಂಟನೋವಿನಲ್ಲಿ ಬಹುಪಾಲು, ಯಾರು ಏನು ಮಾಡಿದರೂ ಮಾಡದಿದ್ದರೂ, ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆಂಬುದನ್ನು. ಆ ಅವಧಿಯಲ್ಲಿ ಎಣ್ಣೆ ತಿಕ್ಕಿದವನಿಗೂ, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸಿದವನಿಗೂ, ಆಸ್ಟಿಯೋಪತನಿಗೂ ಕೀರ್ತಿ ಸಮವಾಗಿ ಹಂಚಿಕೆಯಾಗುತ್ತದೆ. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 155 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಾಡಿಕೆಯ ವೈದ್ಯವನ್ನೂ ಇನ್ನೊಂದಕ್ಕೆ ಆಸ್ಟಿಯೋಪತಿಯನ್ನೂ ಕೊಡಲಾಯಿತು. ಹನ್ನೆರಡು ವಾರಗಳಲ್ಲಿ ಎರಡೂ ಸಮನಾಗಿಯೇ ಸುಧಾರಿಸಿದವು. ಎರಡನೆಯದು ನುಂಗಿದ ಮಾತ್ರೆಗಳು ಮಾತ್ರ ಕಡಿಮೆ. 2021ರಲ್ಲಿ ಪ್ರಕಟವಾದ ಫ್ರಾನ್ಸಿನ ಪರೀಕ್ಷೆಯು ಇನ್ನೂ ಕಠಿನವಾದ ಪ್ರಶ್ನೆಯನ್ನೇ ಕೇಳಿತು. ಹಳೆಯ ಸೊಂಟನೋವಿನ 400 ಮಂದಿಯಲ್ಲಿ ಅರ್ಧ ಜನಕ್ಕೆ ಎರಡು ವಾರಕ್ಕೊಮ್ಮೆಯಂತೆ ಆರು ಬಾರಿ ನಿಜವಾದ ಆಸ್ಟಿಯೋಪತಿ. ಉಳಿದರ್ಧಕ್ಕೆ ಅಷ್ಟೇ ಬಾರಿ, ಅದೇ ಜಾಗಗಳಲ್ಲಿ, ಬರಿಯ ಹಗುರವಾದ ಕೈಸ್ಪರ್ಶ. ಅಂದರೆ ಮರದ ನೆರಳೂ ಕಂಬಳಿಯೂ ನಿದ್ರೆಯೂ ಇಬ್ಬರಿಗೂ ಉಂಟು, ಹಗ್ಗ ಮಾತ್ರ ಒಬ್ಬರಿಗೆ. ಮೂರು ತಿಂಗಳ ಬಳಿಕ, ನೂರರ ಮಾನದಲ್ಲಿ ಅಳೆದ ದೈನಂದಿನ ಅಡಚಣೆಯು ನಿಜವಾದ ಚಿಕಿತ್ಸೆ ಪಡೆದವರಲ್ಲಿ ಉಳಿದವರಿಗಿಂತ ಮೂರು ಅಂಕಗಳಿಗೆ ತುಸು ಹೆಚ್ಚಾಗಿ ಇಳಿದಿತ್ತು. ನೋವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಷ್ಟು ಅಲ್ಪವಾದ ಅಂತರವು ರೋಗಿಯ ದಿನಚರಿಯಲ್ಲಿ ಗೊತ್ತಾಗುವುದು ಸಂದೇಹವೆಂದು ಸಂಶೋಧಕರೇ ಒಪ್ಪಿಕೊಂಡರು. ಬ್ರಿಟನ್ನಿನ ಆರೋಗ್ಯ ಇಲಾಖೆಗೆ ಮಾರ್ಗದರ್ಶನ ಮಾಡುವ ನೈಸ್ ಸಂಸ್ಥೆಯು 2016ರಲ್ಲಿಯೇ, ಕೈಚಿಕಿತ್ಸೆಯನ್ನು ಒಂಟಿಯಾಗಿ ಅಲ್ಲ, ವ್ಯಾಯಾಮದ ಜೊತೆಗೆ ಮಾತ್ರ ಪರಿಗಣಿಸಬಹುದೆಂದು ಹೇಳಿತ್ತು.

ಹಗ್ಗದ ಪಾಲು ಇಷ್ಟು ಕಿರಿದೆಂದಾದ ಮೇಲೆ ಉಳಿದ ಪಾಲು ಯಾವುದೆಂದು ಕೇಳುವುದು ಉಚಿತ. ಮುಕ್ಕಾಲು ಗಂಟೆ ಒಬ್ಬನ ಮಾತನ್ನು ಅಡ್ಡ ಬಾರದೆ ಕೇಳುವುದು, ನೋಯುವ ಜಾಗವನ್ನು ಭಯವಿಲ್ಲದೆ ಮುಟ್ಟುವುದು, ‘ಇದು ಬಾಗಿದರೆ ಮುರಿಯುವ ಬೆನ್ನಲ್ಲ, ನಡೆದಾಡಿ’ ಎಂದು ಧೈರ್ಯ ಹೇಳುವುದು, ಅಂಜಿಕೆಯಿಂದ ಅಲುಗಾಡದೆ ಮಲಗಿದ್ದ ಶರೀರವನ್ನು ಮತ್ತೆ ಚಲನೆಗೆ ತರುವುದು: ಇವು ಆಸ್ಟಿಯೋಪತಿಗೆ ಮಾತ್ರ ಸೇರಿದ ಸ್ವತ್ತಲ್ಲ. ಒಳ್ಳೆಯ ಫಿಸಿಯೋಥೆರಪಿಸ್ಟರಲ್ಲಿ ಇವು ಉಂಟು. ಸರದಿಯಲ್ಲಿ ನಲವತ್ತು ಜನ ಕಾದಿರುವ ಡಾಕ್ಟರಲ್ಲಿ, ಪಾಪ, ಇವಕ್ಕೆ ಸಮಯವಿಲ್ಲ. ಸೊಂಟ ಹಿಡಿದವನು ಆಸ್ಟಿಯೋಪತನ ಬಳಿಗೆ ಹೋಗಬಾರದೆಂದು ಇದರಿಂದ ಅರ್ಥವಾಗುವುದಿಲ್ಲ. ಕೈಯಿಂದ ಏನಾದೀತು, ಏನಾಗದು ಎಂಬುದನ್ನು ಅರಿತು ಹೋಗಲಿ. ತಾನು ಪಡೆದುದಕ್ಕೆ ಕೊಡುವ ಕಾರಣವನ್ನು ಮಾತ್ರ ಒಡನೆಯೇ ನಂಬದಿರಲಿ. ಹಗ್ಗವನ್ನು ಕಟ್ಟದೆ ಒಂದು ದಿನ ಮಲಗಿ ನೋಡುವಷ್ಟು ಸಂಶಯ, ಕಟ್ಟಿದ ದಿನ ಕಣ್ಣು ಮುಚ್ಚಿ ನಿದ್ರಿಸುವಷ್ಟು ವಿಶ್ವಾಸ, ಎರಡೂ ಒಬ್ಬನಲ್ಲಿಯೇ ಇದ್ದರೆ ಬೆನ್ನಿಗೂ ಕ್ಷೇಮ, ಬುದ್ಧಿಗೂ ಕ್ಷೇಮ.